ಬೀಳಲು ಕಲಿಸಿದವಳು

ಆ ಹಾಲ್‌ನಲ್ಲಿ ಮೊದಲು ಕಲಿಸುತ್ತಿದ್ದದ್ದು ಬೀಳುವುದನ್ನು. ಏಟು ತಪ್ಪಿಸಿಕೊಳ್ಳುವುದು, ಹಿಡಿದ ಕೈ ಬಿಡಿಸಿಕೊಳ್ಳುವುದು, ಮಣಿಕಟ್ಟು ತಿರುಚಿ ನೆಲಕ್ಕೆ ಕೆಡವುವುದು ಎಲ್ಲ ಆಮೇಲೆ. ಗದ್ದ ಎದೆಗೆ ಒತ್ತಿಕೊಳ್ಳಬೇಕು, ಬೆನ್ನು ದುಂಡಗೆ ಮಾಡಿಕೊಳ್ಳಬೇಕು, ಭುಜದಿಂದ ಸೊಂಟಕ್ಕೆ ಉರುಳಿ ಕೊನೆಗೆ ಅಂಗೈಯಿಂದ ಮ್ಯಾಟಿಗೆ ಪಟ್ ಎಂದು ಬಡಿಯಬೇಕು. ಬೀಳುವುದರಲ್ಲಿ ಅವಳಷ್ಟು ಹಗುರ ಇನ್ನೊಬ್ಬರಿರಲಿಲ್ಲ. ಅದಕ್ಕೇ ಅಲ್ಲಿ ಎಲ್ಲರೂ ಅವಳನ್ನು ಗರಿ ಎಂದು ಕರೆಯುತ್ತಿದ್ದರು. ಏಳೆಂಟು ವರ್ಷಗಳಲ್ಲಿ ಆ ಹೆಸರು ಎಷ್ಟು ಅಂಟಿಕೊಂಡಿತ್ತೆಂದರೆ, ಅವಳು ಕೆಲಸ ಮಾಡುವ ಕನ್ನಡಕದ ಅಂಗಡಿಯಲ್ಲಿ ಯಾರಾದರೂ ನಿಜವಾದ ಹೆಸರು ಹಿಡಿದು ಕೂಗಿದರೆ ಒಂದು ಕ್ಷಣ ತಡೆದು ತಿರುಗುತ್ತಿದ್ದಳು.

ಹಾಲ್ ಇದ್ದದ್ದು ಮುಚ್ಚಿಹೋದ ಒಂದು ಪ್ರೆಸ್ಸಿನ ಮೇಲೆ. ಮೆಟ್ಟಿಲಲ್ಲಿ ಇನ್ನೂ ಶಾಯಿಯ ವಾಸನೆ ಇತ್ತು. ಕಲಿಸುವ ಮೇಷ್ಟ್ರು ಶಾಲೆಯೊಂದರಲ್ಲಿ ಡ್ರಿಲ್ ಮಾಸ್ತರರಾಗಿ ನಿವೃತ್ತರಾದವರು. ಸಣಕಲು ಮೈ, ಇಸ್ತ್ರಿ ಮಾಡಿದ ಬಿಳಿ ಪೈಜಾಮ. ಸಿಟ್ಟು ಬಂದರೆ ಅವರ ದನಿ ಏರುತ್ತಿರಲಿಲ್ಲ, ಇನ್ನೂ ತಗ್ಗುತ್ತಿತ್ತು. ಅಪ್ಪ ತೀರಿಹೋದ ವರ್ಷ ಗರಿ ಅಲ್ಲಿಗೆ ಬಂದು ಸೇರಿದ್ದಳು. ಮನೆಯಲ್ಲಿ ಯಾರೂ ಮಾತಾಡದ ದಿನಗಳಲ್ಲಿ, ಮಾತಿಲ್ಲದೆಯೂ ಸಮಾಧಾನವಾಗಿ ಇರಬಹುದಾದ ಜಾಗ ಅದೊಂದೇ ಎಂದು ಅನ್ನಿಸಿತ್ತು.

ಅಲ್ಲಿ ಒಂದು ಪದ್ಧತಿ ಇತ್ತು. ಯಾರೂ ಅದನ್ನು ಪದ್ಧತಿ ಎಂದು ಕರೆಯುತ್ತಿರಲಿಲ್ಲ, ಮರ್ಯಾದೆ ಎನ್ನುತ್ತಿದ್ದರು. ಎದುರಿನವರು ಪಟ್ಟು ಹಾಕಿದಾಗ ಅವರ ಕೈ ತಿರುಗುವ ದಿಕ್ಕು ನೋಡಿಕೊಂಡು, ಅದಕ್ಕಿಂತ ಒಂದು ಚೂರು ಮೊದಲೇ ಬೀಳಬೇಕು. ತಡಮಾಡಿದರೆ ಮಣಿಕಟ್ಟು ಮುರಿಯುತ್ತದೆ ಎಂದು ಮೇಷ್ಟ್ರು ಹೇಳಿದ್ದರು. ಯಾರ ಮಣಿಕಟ್ಟೂ ಮುರಿದದ್ದನ್ನು ಯಾರೂ ನೋಡಿರಲಿಲ್ಲ. ಯಾಕೆಂದರೆ ಯಾರೂ ತಡಮಾಡುತ್ತಿರಲಿಲ್ಲ.

ಬರುವ ತಿಂಗಳು ಅವಳಿಗೆ ಕಪ್ಪು ಬೆಲ್ಟು ಸಿಗುವುದಿತ್ತು. ಅದರ ಜೊತೆಗೇ ಸಂಜೆಯ ಹೆಂಗಸರ ಬ್ಯಾಚನ್ನು ಅವಳ ಕೈಗೆ ಒಪ್ಪಿಸುವುದಾಗಿ ಮೇಷ್ಟ್ರು ಎಲ್ಲರ ಮುಂದೆ ಹೇಳಿಯಾಗಿತ್ತು.

ಅಷ್ಟರಲ್ಲಿ ತಂಗಿಯ ಆ ಸಂಗತಿ ನಡೆಯಿತು. ನಡೆಯಿತು ಎನ್ನುವುದೂ ಕಷ್ಟ, ಏನೂ ನಡೆದಿರಲಿಲ್ಲ.

ತಂಗಿ ರಕ್ತಪರೀಕ್ಷೆಯ ಲ್ಯಾಬೊಂದರಲ್ಲಿ ಕೆಲಸಕ್ಕಿದ್ದಳು. ಬೆಳಿಗ್ಗೆ ಬೆಳಿಗ್ಗೆ ಸ್ಕೂಟರಿನಲ್ಲಿ ಐಸ್ ಡಬ್ಬಿ ಇಟ್ಟುಕೊಂಡು ಮನೆಮನೆಗೆ ಹೋಗಿ, ಹೊಟ್ಟೆಗೆ ಏನೂ ಹಾಕದೆ ಕಾದು ಕೂತವರ ತೋಳಿಗೆ ರಬ್ಬರ್ ಪಟ್ಟಿ ಬಿಗಿದು ರಕ್ತ ತೆಗೆದುಕೊಂಡು ಬರುವುದು. ಒಂದು ದಿನ ಮೂರನೇ ಮಹಡಿಯ ಮನೆಯೊಂದಕ್ಕೆ ಹೋದಳು. ಬಾಗಿಲು ತೆಗೆದ ಗಂಡಸು ಅವಳನ್ನು ಒಳಗೆ ಕರೆದು, ಹಿಂದಿನಿಂದ ಬೀಗ ತಿರುಗಿಸಿ ಕೀಲಿಯನ್ನು ಅಂಗಿಯ ಜೇಬಿಗೆ ಹಾಕಿಕೊಂಡ. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ತಂಗಿ ರಕ್ತ ತೆಗೆದುಕೊಂಡಳು, ಕೈ ನಡುಗಲಿಲ್ಲವಂತೆ. ಆಮೇಲೆ ಅವನು ಕುರ್ಚಿಯೊಂದನ್ನು ಬಾಗಿಲಿಗೆ ಅಡ್ಡ ಎಳೆದುಕೊಂಡು ಕೂತು, ಅವಸರ ಏನು ಎಂದು ಕೇಳಿ, ನಿಧಾನವಾಗಿ ಚಹಾ ಕುಡಿದ. ಲೋಟ ಖಾಲಿಯಾಗುವವರೆಗೂ ಅವಳ ಮುಖವನ್ನೇ ನೋಡುತ್ತಿದ್ದ. ಕುಡಿದು ಮುಗಿಸಿ, ಎದ್ದು, ನಗುತ್ತ ಬಾಗಿಲು ತೆಗೆದ. ಅಷ್ಟೇ. ಲ್ಯಾಬಿನ ಮ್ಯಾನೇಜರಿಗೆ ಹೇಳಿದರೆ, ಏನೂ ಆಗಿಲ್ಲವಲ್ಲ, ಏನಂತ ದೂರು ಕೊಡುವುದು ಎಂದು ಕೇಳಿದ್ದರು.

ಇದನ್ನೆಲ್ಲ ತಂಗಿ ಗರಿಗೆ ಹೇಳಿದ್ದು ಒಣಗಿದ ಬಟ್ಟೆ ತೆಗೆಯುತ್ತ, ಯಾರದೋ ಕತೆ ಹೇಳುವಂತೆ. ಹೇಳಿ ಮುಗಿಸಿ ಕ್ಲಿಪ್ಪುಗಳನ್ನು ಬುಟ್ಟಿಗೆ ಹಾಕುತ್ತ, "ಅಕ್ಕ, ಇಷ್ಟು ವರ್ಷದಿಂದ ಕಲೀತಿದೀಯಲ್ಲ, ನನಗೂ ಒಂದೆರಡು ಪಟ್ಟು ಹೇಳ್ಕೊಡು" ಎಂದಳು.

ಗರಿ ಹೂಂ ಎಂದಳು. ಹೆಮ್ಮೆಯೂ ಆಯಿತು.

ಆ ಭಾನುವಾರ ನಡುಮನೆಯ ಮೇಜನ್ನು ಗೋಡೆಗೆ ಸರಿಸಿ, ನೆಲಕ್ಕೆ ಎರಡು ದಪ್ಪ ಚಾದರ ಹಾಸಿದರು. ಅಮ್ಮ ದಿವಾನದ ಮೇಲೆ ಬಟ್ಟೆ ಮಡಚುತ್ತ ಕೂತಿದ್ದಳು. ಗರಿ ತನ್ನ ಬಲಗೈ ಚಾಚಿ, ಯಾರಾದರೂ ಹೀಗೆ ಹಿಡಿದರೆ ಎಂದಳು. ತಂಗಿ ಹಿಡಿದಳು. ಗರಿ ಹೆಜ್ಜೆ ಪಕ್ಕಕ್ಕೆ ಇಟ್ಟು, ಇನ್ನೊಂದು ಕೈಯಿಂದ ತಂಗಿಯ ಹಿಡಿದ ಕೈಯನ್ನು ಮುಚ್ಚಿ, ಸೊಂಟ ತಿರುಗಿಸಿ ಪಟ್ಟು ಹಾಕಿದಳು. ಹಾಲ್‌ನಲ್ಲಿ ಈ ಪಟ್ಟಿಗೆ ಎಂಥ ಗಟ್ಟಿ ಆಳೂ ಉರುಳಿ ಬೀಳುತ್ತಿದ್ದ.

ತಂಗಿ ನಿಂತೇ ಇದ್ದಳು. ಕೈಯನ್ನೂ ಬಿಟ್ಟಿರಲಿಲ್ಲ. ಮುಂದೇನು ಎಂದು ಅಕ್ಕನ ಮುಖ ನೋಡುತ್ತಿದ್ದಳು.

"ಶುರು ಮಾಡೇ" ಎಂದಳು.

"ಮಾಡಾಯ್ತು."

ಅಮ್ಮ ಮಡಚುತ್ತಿದ್ದ ಸೀರೆಯಿಂದ ತಲೆ ಎತ್ತಿ, "ಜಟ್ಟಿ ಕೆಳಗೆ ಬಿದ್ರೂ ಮೀಸೆ ಮಣ್ಣಾಗ್ಲಿಲ್ಲ ಅಂತಾರೆ. ನಿಮ್ಮಲ್ಲಿ ಮೀಸೇನೂ ಇಲ್ಲ, ಬಿದ್ದೋರೂ ಇಲ್ಲ" ಎಂದಳು. ತಂಗಿ ಬಿದ್ದು ಬಿದ್ದು ನಕ್ಕಳು. ಗರಿಯೂ ನಕ್ಕಳು. ನಗು ನಿಲ್ಲುವ ಮೊದಲೇ ತಂಗಿಯ ಕೈಗೆ ಮತ್ತೆ ತನ್ನ ಮಣಿಕಟ್ಟು ಕೊಟ್ಟಳು. ಮತ್ತೊಮ್ಮೆ ಮಾಡಿದಳು, ಈ ಸಲ ಬಲ ಹಾಕಿ. ತಂಗಿಯ ಕೈ ಚಿಕ್ಕದು. ಆದರೆ ದಿನವೂ ಹೆದರಿದವರ ತೋಳು ಅಲುಗದಂತೆ ಹಿಡಿದು ಪಳಗಿದ ಕೈ. ಅದು ಹಿಡಿದಲ್ಲಿಂದ ಕದಲಲಿಲ್ಲ.

ಆಗ ಗರಿ ಒಂದು ಮಾತು ಹೇಳಿದಳು. ಅದು ಅವಳ ಮಾತಲ್ಲ, ಬಾಯಿಗೆ ತಾನಾಗಿ ಬಂದ ಮಾತು. "ಹಾಗೆ ಬಿರುಸಾಗಿ ನಿಂತ್ಕೊಂಡ್ರೆ ಮಣಿಕಟ್ಟು ಮುರಿಯತ್ತೆ. ನಿನಗಿನ್ನೂ ಬೀಳೋಕೆ ಬರಲ್ಲ. ಮೊದಲು ಅದನ್ನ ಕಲಿ."

ತಂಗಿ ಕಲಿತಳು. ಚುರುಕು ಹುಡುಗಿ. ಎರಡು ವಾರದಲ್ಲಿ ಗದ್ದ ಒತ್ತಿ, ಬೆನ್ನು ದುಂಡಗೆ ಮಾಡಿ, ಚಾದರದ ಮೇಲೆ ಪಟ್ ಎಂದು ಬಡಿದು ಬೀಳತೊಡಗಿದಳು. ಬೀಳಲು ಬಂದ ಮೇಲೆ ಪಟ್ಟು ತಾನೇ ತಾನಾಗಿ ಸರಿಹೋಯಿತು. ಗರಿ ಕೈ ತಿರುಗಿಸಿದರೆ ತಂಗಿ ಉರುಳುತ್ತಿದ್ದಳು. ತಂಗಿ ತಿರುಗಿಸಿದರೆ ಗರಿ ಉರುಳುತ್ತಿದ್ದಳು, ಗರಿಯಂತೆಯೇ. ತನಗಿಂತ ಒಂದು ಗೇಣು ಎತ್ತರದ ಅಕ್ಕನನ್ನು ಮೊದಲ ಸಲ ಕೆಡವಿದ ದಿನ ತಂಗಿ ತನ್ನ ಎರಡೂ ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು. ಸ್ಕೂಟರ್ ಏರುವಾಗ ಅವಳ ಬೆನ್ನು ನೆಟ್ಟಗಾಗಿತ್ತು. ಅಡುಗೆಮನೆಗೆ ಹೋಗುವಾಗ ಸಿಳ್ಳೆ ಹಾಕುತ್ತಿದ್ದಳು. ನನಗೆ ನೆಲ ಒರೆಸುವ ಕೆಲಸ ತಪ್ಪಿತು, ಇಬ್ಬರೂ ಬಿದ್ದು ಬಿದ್ದೇ ಒರೆಸಿಬಿಡುತ್ತೀರಿ ಎಂದು ಅಮ್ಮ ಹೇಳುತ್ತಿದ್ದಳು.

ಗರಿ ಮಾತ್ರ ಒಳಗೊಳಗೇ ಕುಸಿಯುತ್ತಿದ್ದಳು.

ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಅವಳ ಕೆಲಸ ಗಾಜಿನ ಅಂಚನ್ನು ಫ್ರೇಮಿನ ಅಳತೆಗೆ ಉಜ್ಜುವುದು. ಚಕ್ರ ತಿರುಗುತ್ತದೆ, ಮೇಲಿನಿಂದ ಸಣ್ಣಗೆ ನೀರು ಬೀಳುತ್ತದೆ, ಬಿಳಿಯ ಕೆಸರು ಕೆಳಗಿನ ತಟ್ಟೆಗೆ ಇಳಿಯುತ್ತದೆ. ಒಬ್ಬಳೇ ಕೂತು ಮಾಡುವ ಕೆಲಸವಾದ್ದರಿಂದ ಯೋಚನೆಗೆ ಅಡ್ಡಿಯಿರಲಿಲ್ಲ. ಉಜ್ಜಿದ ಗಾಜು ಫ್ರೇಮಿನಲ್ಲಿ ಕೂರದಿದ್ದರೆ ಫ್ರೇಮನ್ನು ಬಿಸಿ ಮಾಡಿ ಹಿಗ್ಗಿಸಿ ಕೂರಿಸಬಹುದು, ಆದರೆ ಗಿರಾಕಿ ಮೂಗಿನ ಮೇಲೆ ಇಟ್ಟುಕೊಂಡ ದಿನವೇ ಅದು ಕಳಚಿ ಬೀಳುತ್ತದೆ. ಹಾಗೆ ಎಂದೂ ಮಾಡಿದವಳಲ್ಲ ಅವಳು. ಇಲ್ಲಿ ತಂಗಿಯನ್ನೇ ಹಿಗ್ಗಿಸಿ ಪಟ್ಟಿಗೆ ಕೂರಿಸಿದ್ದಳು. ಚಕ್ರದ ಸದ್ದಿನ ನಡುವೆ ಬೀಗ ತಿರುಗುವ ಸದ್ದು ಕೇಳಿದಂತಾಗಿ ಎರಡು ಸಲ ಬಾಗಿಲ ಕಡೆ ನೋಡಿದಳು.

ಪಟ್ಟು ನಿಜವೋ ಸುಳ್ಳೋ ಎಂದು ತಿಳಿಯಲು ದಾರಿ ಇತ್ತು. ಅಂಗಡಿಯಿಂದ ಎರಡು ಬೀದಿ ಆಚೆ, ಟೈರ್ ಮಾರುವ ಅಂಗಡಿಯ ಮೇಲೆ, ಹೆಂಗಸರಿಗೆ ಕುಸ್ತಿ ಕಲಿಸುವ ಕೋಣೆಯೊಂದಿತ್ತು. ಮೇಷ್ಟ್ರ ಹಾಲ್‌ನಲ್ಲಿ ಅದರ ಮಾತು ಬಂದರೆ, ಪಾಪ, ಅಲ್ಲಿ ಬರೀ ಬಲ, ವಿದ್ಯೆ ಇಲ್ಲ ಎಂದು ನಗುತ್ತಿದ್ದರು. ಒಂದು ಸಂಜೆ ಗರಿ ಆ ಮೆಟ್ಟಿಲ ಹತ್ತಿರ ಹೋಗಿ ವಾಪಸು ಬಂದಳು. ಮರುದಿನವೂ ಹಾಗೇ ಮಾಡಿದಳು. ಮೂರನೆಯ ಸಲ ಮೇಲೆ ಹೋದಳು.

ಕೋಣೆ ಬೆವರು ಮತ್ತು ರಬ್ಬರಿನ ವಾಸನೆಯಿಂದ ತುಂಬಿತ್ತು. ಕೋಚ್ ಗಿಡ್ಡ ಹೆಂಗಸು, ಒಂದು ಕಿವಿ ಹಿಸುಕಿದಂತೆ ಮುದುಡಿಹೋಗಿತ್ತು. ಎಷ್ಟು ವರ್ಷ, ಯಾವ ಬೆಲ್ಟು ಎಂದೇನೂ ಕೇಳಲಿಲ್ಲ. ಮೂಲೆಯಲ್ಲಿ ಕೂದಲು ಕಟ್ಟಿಕೊಳ್ಳುತ್ತಿದ್ದ ದಪ್ಪ ಹೆಂಗಸನ್ನು ಕರೆದು, ಇವಳು ಬೇಕರಿಯಲ್ಲಿ ಕೆಲಸ ಮಾಡುವವಳು, ಸೇರಿ ಆರು ತಿಂಗಳಾಯಿತು, ಇವಳ ಕೈ ಬಿಡಿಸಿಕೊಳ್ಳಿ ನೋಡೋಣ ಎಂದಳು.

ಬೇಕರಿಯವಳು ಗರಿಯ ಮಣಿಕಟ್ಟು ಹಿಡಿದಳು. ಉಗುರಿನ ಸಂದಿಯಲ್ಲಿ ಹಿಟ್ಟು ಇತ್ತು. ಗರಿ ತನಗೆ ಗೊತ್ತಿದ್ದ ಎಲ್ಲವನ್ನೂ ಸೇರಿಸಿ, ಉಸಿರು ಬಿಗಿಹಿಡಿದು, ಸೊಂಟ ತಿರುಗಿಸಿ ಪಟ್ಟು ಹಾಕಿದಳು.

"ಏನ್ ಮಾಡ್ತಿದೀರ?" ಎಂದು ಬೇಕರಿಯವಳು ಕೇಳಿದಳು. ಅದರಲ್ಲಿ ಅಣಕ ಇರಲಿಲ್ಲ. ಅವಳಿಗೆ ನಿಜವಾಗಿಯೂ ಗೊತ್ತಾಗಿರಲಿಲ್ಲ.

ಮುಂದಿನದು ಗರಿಗೆ ತುಂಡುತುಂಡಾಗಿ ನೆನಪಿದೆ. ಮೊಣಕಾಲಿನ ಹಿಂದೆ ಏನೋ ಸಿಕ್ಕಿಕೊಂಡಿತು. ಚಾವಣಿ ಎದುರಿಗೆ ಬಂತು. ಗದ್ದ ಒತ್ತಿಕೊಂಡಳು, ಬೆನ್ನು ದುಂಡಗೆ ಮಾಡಿದಳು, ಚೆನ್ನಾಗಿಯೇ ಬಿದ್ದಳು. ಆದರೆ ಇಲ್ಲಿ ಬಿದ್ದ ಮೇಲೆ ಯಾರೂ ಬಿಟ್ಟು ಹಿಂದೆ ಸರಿಯಲಿಲ್ಲ. ಬೇಕರಿಯವಳು ಹಿಟ್ಟಿನ ಮೂಟೆಯಂತೆ ಎದೆಯ ಮೇಲೆ ಅಡ್ಡ ಬಿದ್ದಳು, ಬಿದ್ದು ಅಲ್ಲೇ ಇದ್ದಳು. ಉಸಿರು ಒಳಗೆ ಹೋಗಲಿಲ್ಲ. ತಳ್ಳಿದಳು, ತಳ್ಳಿದಷ್ಟೂ ಭಾರ ಹೆಚ್ಚಿತು. ಕಾಲು ಬಡಿದಳು, ಕಾಲಿಗೆ ಏನೂ ಸಿಗಲಿಲ್ಲ. ಕಿವಿಯಲ್ಲಿ ಗುಂಯ್ ಎನ್ನತೊಡಗಿತು. ಏಳೆಂಟು ವರ್ಷ ಕಲಿತದ್ದರಲ್ಲಿ ಒಂದೇ ಒಂದು ಸಂಗತಿಯೂ ನೆನಪಿಗೆ ಬರಲಿಲ್ಲ. ಬಂದದ್ದು ಕಟ್ಟಿಹಾಕಿದ ಪ್ರಾಣಿಯ ಗಾಬರಿ. ಅಂಗೈ ತಾನಾಗಿ ನೆಲಕ್ಕೆ ಬಡಿಯಿತು. ಅಲ್ಲಿ ಅದರ ಅರ್ಥ ಸೋತೆ, ಬಿಡು ಎಂದು. ಬೇಕರಿಯವಳು ತಟ್ಟನೆ ಎದ್ದು ಕೈ ಕೊಟ್ಟಳು.

"ಮೊದಲ್ನೇ ದಿನ ನಾನು ಅತ್ತೇಬಿಟ್ಟಿದ್ದೆ" ಎಂದಳು. "ನಾಳೆ ಬನ್ನಿ. ಭಾರ ಅಭ್ಯಾಸ ಆಗತ್ತೆ."

ಗರಿ ಬರುತ್ತೇನೆ ಎಂದು ಹೇಳಿ ಚಪ್ಪಲಿಗೆ ಕಾಲು ತೂರಿಸಿ ಇಳಿದಳು. ಮತ್ತೆ ಹೋಗುವುದಿಲ್ಲ ಎಂದು ಮೆಟ್ಟಿಲಲ್ಲೇ ನಿಶ್ಚಯಿಸಿಕೊಂಡಿದ್ದಳು. ಬಸ್ಸಿನಲ್ಲಿ ಪಕ್ಕದ ಸೀಟಿನ ಗಂಡಸು ಸ್ವಲ್ಪ ಒತ್ತಿ ಕೂತಾಗ ಎದ್ದು ನಿಂತಳು. ಬೀದಿಯಲ್ಲಿ ಎದುರು ಬರುವ ಒಬ್ಬೊಬ್ಬರನ್ನೂ ನೋಡಿ ಇವರು ಎಷ್ಟು ತೂಗಬಹುದು ಎಂದು ಯೋಚಿಸಿದಳು. ಇಷ್ಟು ವರ್ಷ ಈ ಬೀದಿಯಲ್ಲಿ ಯಾವ ಧೈರ್ಯದಿಂದ ನಡೆದೆ? ಆ ಧೈರ್ಯ ಹಾಲ್‌ನವರೆಲ್ಲ ಸೇರಿ, ಅವಳಿಗಾಗಿ ಬಿದ್ದು ಬಿದ್ದು ಕಟ್ಟಿಕೊಟ್ಟದ್ದು. ತಂಗಿಗೆ ಅದನ್ನೇ ದಾಟಿಸಿದ್ದಳು.

ಇನ್ನು ಮೇಷ್ಟ್ರೇ ಉಳಿದಿದ್ದರು. ತನ್ನ ಪಟ್ಟಿನಲ್ಲಿ ತಪ್ಪಿರಬಹುದು, ಮೇಷ್ಟ್ರದ್ದರಲ್ಲಿ ಇರಲಾರದು. ಅವರ ಕೈಯಲ್ಲಿ ಅದು ನಿಜವಾಗಿದ್ದರೆ ಸಾಕು, ಮೊದಲಿನಿಂದ ಕಲಿತು ತಂಗಿಗೆ ಕಲಿಸಬಹುದು. ಕೇಳುವುದು ಹೇಗೆ? ಬಾಯಿಬಿಟ್ಟು ಕೇಳಲು ನಾಲಿಗೆ ಏಳಲಿಲ್ಲ. ಒಂದು ಸಲ ಬೀಳದೆ ನಿಂತು ನೋಡುವುದು ಎಂದುಕೊಂಡಳು. ಹಾಗೆ ಅಂದುಕೊಂಡ ದಿನದಿಂದ ಊಟ ರುಚಿಸಲಿಲ್ಲ.

ಕೊನೆಗೊಂದು ಸಂಜೆ ಎಂದಿನಂತೆ ಮೇಷ್ಟ್ರು ಹೊಸಬರಿಗೆ ಪಟ್ಟು ತೋರಿಸಲು ಅವಳನ್ನೇ ಕರೆದರು. ಎಲ್ಲರೂ ಗೋಡೆಗೆ ಸಾಲಾಗಿ ಕೂತಿದ್ದರು. ಗರಿ ಹೋಗಿ ಅವರ ಮಣಿಕಟ್ಟು ಹಿಡಿದಳು. ಇಷ್ಟು ವರ್ಷ ಅದನ್ನು ಹಿಡಿದಿದ್ದರೂ ಅದು ಹೇಗಿದೆ ಎಂದು ಅವಳಿಗೆ ಗೊತ್ತಿರಲಿಲ್ಲ. ತೆಳ್ಳಗಿನ ಚರ್ಮ, ಅದರೊಳಗೆ ಎರಡು ಕಡ್ಡಿಯಂಥ ಮೂಳೆ. ಮೇಷ್ಟ್ರು ಹೆಜ್ಜೆ ಇಟ್ಟು ಸೊಂಟ ತಿರುಗಿಸಿದರು. ಅವಳ ಮೈ ಬೀಳಲು ಹೊರಟಿತು. ಹಲ್ಲು ಕಚ್ಚಿ ಅದನ್ನು ತಡೆದಳು.

ನಿಂತಳು.

ಮೇಷ್ಟ್ರ ಕೈ ಅವಳ ಕೈಯ ಮೇಲೆ ಇತ್ತು, ಅಷ್ಟೇ. ಒತ್ತಡ ಇರಲಿಲ್ಲ, ನೋವು ಇರಲಿಲ್ಲ. ಹಕ್ಕಿ ಕೂತಷ್ಟು ಭಾರ. ಅವರು ಮತ್ತೊಮ್ಮೆ ತಿರುಗಿಸಿದರು. ಗೋಡೆಯ ಸಾಲಿನಲ್ಲಿ ಯಾರೋ ಕೆಮ್ಮಿದರು. ತಲೆ ಎತ್ತಿ ನೋಡಿದಳು. ಮೇಷ್ಟ್ರ ಮುಖದಲ್ಲಿ ಸಿಟ್ಟು ಇದ್ದಿದ್ದರೆ ಅವಳು ನಿಂತೇ ಇರುತ್ತಿದ್ದಳೋ ಏನೋ. ಇದ್ದದ್ದು ಹೆದರಿಕೆ. ಜನಜಂಗುಳಿಯಲ್ಲಿ ದಾರಿ ತಪ್ಪಿದ ಮುದುಕರ ಮುಖದಲ್ಲಿ ಇರುವಂಥದ್ದು.

"ಬೀಳಮ್ಮ" ಎಂದರು, ತುಟಿ ಅಲುಗದಂತೆ.

ಗರಿ ಬಿದ್ದಳು. ಅಂಗೈಯ ಪೆಟ್ಟು ಹಾಲ್ ತುಂಬ ಕೇಳಿಸಿತು. ಹೊಸಬರು ಉಸಿರೆಳೆದುಕೊಂಡರು. ಚೆನ್ನಾಗಿ ಬಿದ್ದೆ ಎಂದು ಮೇಷ್ಟ್ರು ಯಾವಾಗಲೂ ಹೇಳುವಂತೆಯೇ ಹೇಳಿ, ಮುಂದಿನವರನ್ನು ಕರೆದರು.

ಕ್ಲಾಸು ಮುಗಿದ ಮೇಲೆ ಚಪ್ಪಲಿ ಬಿಡುವ ಜಾಗದಲ್ಲಿ ಇಬ್ಬರೇ ಸಿಕ್ಕರು. ಮೇಷ್ಟ್ರು ಬಗ್ಗಿ ಬೂಟಿನ ದಾರ ಕಟ್ಟಿಕೊಳ್ಳುತ್ತ, ಬೆಲ್ಟಿನ ದಿನ ಹತ್ತಿರ ಬಂತು, ಮೈಗೆ ಹುಷಾರಿಲ್ಲದಿದ್ದರೆ ಎರಡು ದಿನ ಬಿಡುವು ತಗೋ ಎಂದರು. ಗರಿ ತಂಗಿಯ ವಿಷಯ ಹೇಳಿದಳು. ಬೀಗ, ಕುರ್ಚಿ, ಚಹಾ. ಅವಳಿಗೆ ಈ ಪಟ್ಟು ಕಲಿಸಿದ್ದೇನೆ ಎಂದಳು. ಮೇಷ್ಟ್ರು ದಾರವನ್ನು ಕಟ್ಟಿ, ಬಿಚ್ಚಿ, ಮತ್ತೆ ಕಟ್ಟಿದರು. ಕೊನೆಗೆ, "ನನಗೆ ಕಲಿಸಿದೋರಿಗೂ ನಾನು ಹೀಗೇ ಬೀಳ್ತಿದ್ದೆ" ಎಂದರು. "ಅವಳನ್ನ ಆ ಮನೆಗೆ ಮತ್ತೆ ಕಳಿಸಬೇಡ."

ಅಷ್ಟು ಹೇಳಿ ಗೋಡೆ ಹಿಡಿದುಕೊಂಡು ಮೆಟ್ಟಿಲು ಇಳಿದು ಹೋದರು.

ಮನೆಗೆ ಬಂದಾಗ ತಂಗಿ ಊಟದ ತಟ್ಟೆ ಮುಂದಿಟ್ಟುಕೊಂಡು ಅಮ್ಮನ ಹತ್ತಿರ ಗೆಲುವಿನಿಂದ ಮಾತಾಡುತ್ತಿದ್ದಳು. ಮೂರನೇ ಮಹಡಿಯ ಆ ಮನೆಯಿಂದ ಮತ್ತೆ ಬುಕಿಂಗ್ ಬಂದಿದೆಯಂತೆ, ನಾಳೆ ಬೆಳಿಗ್ಗೆಗೆ. ಬೇರೆಯವರನ್ನು ಕಳಿಸಲಾ ಎಂದು ಮ್ಯಾನೇಜರ್ ಕೇಳಿದರೆ, ಬೇಡ, ನಾನೇ ಹೋಗ್ತೀನಿ ಎಂದಳಂತೆ. ಅಮ್ಮನಿಗೆ ಬೀಗದ ಕತೆ ಗೊತ್ತಿರಲಿಲ್ಲ, ಗಿರಾಕಿ ಒಳ್ಳೆಯವನಿರಬೇಕು ಎಂದುಕೊಂಡಳು. ತಂಗಿ ಅಮ್ಮನ ಬೆನ್ನ ಹಿಂದಿನಿಂದ ಗರಿಗೆ ಕಣ್ಣು ಮಿಟುಕಿಸಿ, ಮಣಿಕಟ್ಟನ್ನು ಹಾಗೆ ಒಂದು ಸಲ ತಿರುಗಿಸಿ ತೋರಿಸಿದಳು.

ಗರಿ ತನ್ನ ತಟ್ಟೆ ಎಳೆದುಕೊಂಡಳು. ಆಗಲೇ ಹೇಳಬಹುದಿತ್ತು. ಅಮ್ಮ ಇದ್ದಾಳೆ ಎಂದುಕೊಂಡಳು. ಅಮ್ಮ ಮಲಗಿದ ಮೇಲೆ ತಂಗಿಯ ಕೋಣೆಯ ಬಾಗಿಲವರೆಗೆ ಹೋದಳು, ಒಳಗೆ ತಂಗಿ ಸಿಳ್ಳೆ ಹಾಕುತ್ತ ಮರುದಿನದ ಬಟ್ಟೆ ತೆಗೆದಿಡುತ್ತಿದ್ದಳು. ಆ ಸಿಳ್ಳೆಯನ್ನು ನಿಲ್ಲಿಸುವ ಶಕ್ತಿ ಅವಳಿಗೆ ಬರಲಿಲ್ಲ.

ಬೆಳಗಾಯಿತು. ಅಮ್ಮ ಬಚ್ಚಲಲ್ಲಿದ್ದಳು, ನೀರಿನ ಸದ್ದು ಕೇಳುತ್ತಿತ್ತು. ತಂಗಿ ಅಡುಗೆಮನೆಯಲ್ಲಿ ಫ್ರಿಜ್ಜಿನಿಂದ ಐಸ್ ತೆಗೆದು ಡಬ್ಬಿಗೆ ತುಂಬಿ, ಖಾಲಿ ಟ್ಯೂಬುಗಳ ಕಟ್ಟನ್ನು ಅದರ ಮೇಲಿಟ್ಟು ಮುಚ್ಚಳ ಹಾಕುತ್ತಿದ್ದಳು. ಗರಿ ಒಳಗೆ ಬಂದು ಬಾಗಿಲು ಹಾಕಿ ಚಿಲಕ ಎಳೆದಳು.

ತಂಗಿ ತಿರುಗಿ ನೋಡಿ, "ಏನೇ ಇದು, ಲೇಟಾಗ್ತಿದೆ" ಎಂದಳು.

ಗರಿ ಅವಳ ಮಣಿಕಟ್ಟು ಹಿಡಿದಳು. ತಂಗಿಗೆ ನಗು ಬಂತು. ಹೊರಡುವ ಮುಂಚೆ ಪರೀಕ್ಷೆಯಾ ಎಂದು ಕೇಳಿ, ಪಕ್ಕಕ್ಕೆ ಹೆಜ್ಜೆ ಇಟ್ಟು, ಸೊಂಟ ತಿರುಗಿಸಿ ಅಚ್ಚುಕಟ್ಟಾಗಿ ಪಟ್ಟು ಹಾಕಿದಳು. ಹಾಲ್‌ನಲ್ಲಾದರೆ ಮೇಷ್ಟ್ರು ತಲೆದೂಗುತ್ತಿದ್ದರು. ಹಾಕಿ, ಅಕ್ಕ ಬೀಳಲಿ ಎಂದು ಜಾಗ ಬಿಟ್ಟು ನಿಂತಳು.

ಗರಿ ಕದಲಲಿಲ್ಲ.

ತಂಗಿ ಮತ್ತೆ ಹಾಕಿದಳು, ಜೋರಾಗಿ. ಮುಖದಲ್ಲಿ ನಗು ಇನ್ನೂ ಇತ್ತು, ಆದರೆ ಅದರ ಹಿಂದಿದ್ದದ್ದು ಹೊರಟುಹೋಗಿತ್ತು. ತಮಾಷೆ ಸಾಕು ಎಂದಳು. ಗರಿ ಒಂದು ಹೆಜ್ಜೆ ಮುಂದೆ ಇಟ್ಟಳು. ತಂಗಿ ಒಂದು ಹೆಜ್ಜೆ ಹಿಂದೆ. ಕಾಲು ಡಬ್ಬಿಗೆ ತಾಗಿ ಟ್ಯೂಬುಗಳು ಗಲಗಲ ಎಂದವು. ಬೆನ್ನು ಗೋಡೆಗೆ ತಾಗಿತು. ಗರಿ ಇನ್ನೊಂದು ಮಣಿಕಟ್ಟನ್ನೂ ಹಿಡಿದು ತನ್ನ ಭಾರವನ್ನೆಲ್ಲ ಅವಳ ಮೇಲೆ ಬಿಟ್ಟಳು, ಟೈರ್ ಅಂಗಡಿಯ ಮೇಲಿನ ಕೋಣೆಯಲ್ಲಿ ಬೇಕರಿಯವಳು ತನ್ನ ಮೇಲೆ ಬಿಟ್ಟಿದ್ದಳಲ್ಲ, ಹಾಗೆ. ತಂಗಿಯ ಕಣ್ಣು ದೊಡ್ಡದಾಯಿತು. ಆ ಕಣ್ಣಲ್ಲಿ ಅಕ್ಕ ಇರಲಿಲ್ಲ. ಯಾರೋ ಇದ್ದರು.

"ಬಿಡು" ಎಂದಳು ತಂಗಿ.

ಗರಿ ಬಿಡಲಿಲ್ಲ.

"ಅಕ್ಕ, ಬಿಡು. ನೋಯ್ತಿದೆ."

ಬಿಡಬೇಕೆಂದು ಗರಿಯ ಮೈಯೆಲ್ಲ ಕೂಗುತ್ತಿತ್ತು. ಬಿಡು ಎಂದ ಕೂಡಲೇ ಬಿಡುವವರ ನಡುವೆಯೇ ಇಬ್ಬರೂ ಬೆಳೆದಿದ್ದರು. ಆ ಮನೆಯವನು ಬಿಡುತ್ತಾನೆಯೇ? ಬೆರಳು ಸಡಿಲಿಸಲಿಲ್ಲ. ತಂಗಿ ಒದ್ದಾಡಿದಳು, ತಲೆ ಆಚೀಚೆ ಹೊರಳಿಸಿದಳು, ಮೊಣಕಾಲಿನಿಂದ ತಳ್ಳಿದಳು, ಬಾಯಿ ತೆರೆದರೂ ದನಿ ಹೊರಡಲಿಲ್ಲ. ಆಮೇಲೆ ಒದ್ದಾಟ ನಿಂತುಹೋಯಿತು. ಮೈ ಮೆತ್ತಗಾಯಿತು. ಮುಖ ಪಕ್ಕಕ್ಕೆ ತಿರುಗಿಸಿ ಗೋಡೆ ನೋಡುತ್ತ ನಿಂತಳು. ಆ ದಿನ ಆ ಮನೆಯಲ್ಲಿ, ಲೋಟ ಖಾಲಿಯಾಗುವವರೆಗೆ, ಹೀಗೇ ನಿಂತಿದ್ದಳೇನೋ.

ಗರಿ ಕೈಬಿಟ್ಟಳು.

ತಂಗಿ ಗೋಡೆಗೆ ಒರಗಿಕೊಂಡೇ ನೆಲಕ್ಕೆ ಕುಸಿದು ಕೂತಳು. ಎರಡೂ ಮಣಿಕಟ್ಟಿನಲ್ಲಿ ಬೆರಳಿನ ಗುರುತು ಕೆಂಪಗೆ ಮೂಡಿತ್ತು. ಗರಿಗೆ ತನ್ನ ಕೈ ಎಲ್ಲಿಡಬೇಕೆಂದು ತಿಳಿಯಲಿಲ್ಲ. ಬಚ್ಚಲಲ್ಲಿ ನೀರು ನಿಂತು ಮತ್ತೆ ಶುರುವಾಯಿತು.

"ಇದರಿಂದ ಏನೂ ಆಗಲ್ಲ ಅಂತ ನಿನಗೆ ಯಾವತ್ತು ಗೊತ್ತಾಯ್ತು?" ತಂಗಿ ಕೇಳಿದಳು.

"ಮೊದಲ್ನೇ ದಿನ. ನೀನು ಬೀಳದೆ ನಿಂತ್ಕೊಂಡಾಗ."

ತಂಗಿ ಕೆಂಪಾದ ಮಣಿಕಟ್ಟನ್ನು ಉಜ್ಜಿಕೊಂಡಳು. ಫೋನ್ ತೆಗೆದು ಲ್ಯಾಬಿಗೆ ಮಾಡಿದಳು. ಆ ಮನೆಗೆ ತಾನು ಹೋಗುವುದಿಲ್ಲ, ಬೇರೆ ಯಾರನ್ನೂ ಒಬ್ಬರನ್ನೇ ಕಳಿಸಬೇಡಿ ಎಂದಳು. ಆ ಕಡೆಯಿಂದ ಕಾರಣ ಕೇಳಿದರು, ನಿನ್ನೆ ತಾನೇ ಒಪ್ಪಿಕೊಂಡೆಯಲ್ಲ ಎಂದರು. ತಂಗಿ ಏನೇನೋ ಹೇಳಲು ಹೋಗಿ, ನಿಲ್ಲಿಸಿ, ಕೊನೆಗೆ "ನನಗೆ ಭಯ ಆಗತ್ತೆ ಸರ್" ಎಂದಳು. ಆ ಮಾತನ್ನು ಅವಳು ಇದುವರೆಗೆ ಯಾರ ಹತ್ತಿರವೂ ಹೇಳಿರಲಿಲ್ಲ, ಗರಿಯ ಹತ್ತಿರವೂ. ಫೋನನ್ನು ಮಗುಚಿ ನೆಲದ ಮೇಲಿಟ್ಟಳು.

ಗರಿ ಎದುರಿಗೆ ನೆಲದ ಮೇಲೆ ಕೂತು, ಟೈರ್ ಅಂಗಡಿಯ ಮೇಲಿನ ಕೋಣೆಯ ಬಗ್ಗೆ ಹೇಳಿದಳು. ಬೇಕರಿಯವಳ ಭಾರ, ಉಸಿರು ಕಟ್ಟಿದ್ದು, ಓಡಿ ಬಂದದ್ದು. ಅಲ್ಲಿ ಹೋದರೆ ಏಳೆಂಟು ವರ್ಷ ಕಲಿತದ್ದು ಏನೂ ಉಳಿಯುವುದಿಲ್ಲ ಎಂದಳು. ಬೆಲ್ಟೂ ಬ್ಯಾಚೂ ಹೋಗುತ್ತವೆ ಎಂದಳು, ಹೆಸರೂ ಹೋಗುತ್ತದೆ ಎನ್ನಲು ಹೊರಟು ನುಂಗಿಕೊಂಡಳು. ಮೇಷ್ಟ್ರ ಮುಖಕ್ಕೆ ಮುಖ ಕೊಡುವುದು ಹೇಗೆ ಎಂದಳು.

"ಅಲ್ಲಿಗೆ ಹೋಗೋದಕ್ಕಿಂತ ನನ್ನನ್ನ ಆ ಮನೆಗೆ ಕಳ್ಸೋದು ಸುಲಭ ಅನ್ನಿಸ್ತಾ ನಿನಗೆ?"

ಹೌದು ಎನ್ನಲಾರದೆ ಗರಿ ಐಸ್ ಡಬ್ಬಿಯ ಮುಚ್ಚಳ ತೆಗೆದು ಅವಳ ಮುಂದೆ ಸರಿಸಿದಳು.

ತಂಗಿ ಡಬ್ಬಿಯಿಂದ ಐಸಿನ ತುಂಡೊಂದನ್ನು ತೆಗೆದು ಮಣಿಕಟ್ಟಿಗೆ ಒತ್ತಿಕೊಂಡಳು. ಅದು ಕರಗಿ ತೋಳಿನ ಕೆಳಗೆ ಹರಿದು ನೆಲಕ್ಕೆ ತೊಟ್ಟಿಕ್ಕಿತು. ಆಮೇಲೆ ಅವಳು ಎದ್ದು, ಡಬ್ಬಿಯನ್ನು ಕಾಲಿನಿಂದ ಮೂಲೆಗೆ ತಳ್ಳಿ, ಒದ್ದೆ ಕೈಯನ್ನು ಬಟ್ಟೆಗೆ ಒರೆಸಿ ಮುಂದೆ ಚಾಚಿದಳು.

"ಹಿಡಿ."

ಗರಿ ತಲೆ ಅಲ್ಲಾಡಿಸಿದಳು. ಸ್ವಲ್ಪ ಹೊತ್ತಿಗೆ ಮುಂಚೆ ತಾನು ಏನು ಮಾಡಿದ್ದೆಂದು ಗರಿಯ ಕೈಗೆ ಗೊತ್ತಿತ್ತು. ಅದು ಮೇಲೆ ಏಳಲು ಒಪ್ಪಲಿಲ್ಲ.

"ಸಂಜೆ ಆ ಬೇಕರಿಯವಳ ಹತ್ರ ಇಬ್ರೂ ಹೋಗೋಣ. ಈಗ ಹಿಡಿ. ನಾನು ಬಿಡು ಅಂದ್ರೂ ಬಿಡಬೇಡ."

ಗರಿ ಎದ್ದು ನಿಂತು ಹಿಡಿದಳು. ಒದ್ದೆ ಚರ್ಮದ ಕೆಳಗೆ ನಾಡಿ ಹೊಡೆದುಕೊಳ್ಳುತ್ತಿತ್ತು, ತಂಗಿಯದೋ ತನ್ನದೋ ತಿಳಿಯಲಿಲ್ಲ. ತಂಗಿ ಈ ಸಲ ಪಟ್ಟು ಹಾಕಲಿಲ್ಲ. ಸುಮ್ಮನೆ ಎಳೆದಳು, ಜೋತುಬಿದ್ದಳು, ಭುಜದಿಂದ ಗುದ್ದಿದಳು, ಕಾಲು ತುಳಿದಳು. ನೋಡಲು ಒಂದಿಷ್ಟೂ ಚೆನ್ನಾಗಿರಲಿಲ್ಲ. ಒಲೆಯ ಪಕ್ಕದ ಲೋಟವೊಂದು ಉರುಳಿ ನೆಲಕ್ಕೆ ಬಿದ್ದು ಠಣ್ ಎಂದಿತು. ಏನೇ ಅದು ಎಂದು ಅಮ್ಮ ಬಚ್ಚಲಿನಿಂದ ಕೂಗಿ ಕೇಳಿದಳು. ತಂಗಿ ಅಳುತ್ತಿದ್ದಳು, ಅಳುತ್ತಲೇ ಎಳೆಯುತ್ತಿದ್ದಳು. ಗರಿ ಹೆದರಿಕೆಯಿಂದ ಕಣ್ಣು ಮುಚ್ಚಿಕೊಂಡು, ಬೆರಳನ್ನು ಇನ್ನಷ್ಟು ಬಿಗಿ ಮಾಡಿದಳು.